ವಿಮಾನಕ್ಕೆ ಕೊಟ್ಟ ಕೊಡ

ಕಾರೆಮಾಳದ ಪಟೇಲ ಶಿವನಂಜಪ್ಪನವರಿಗೆ ಊರೆಲ್ಲ ಹೆದರುತ್ತಿತ್ತು. ಶಿವನಂಜಪ್ಪನವರು ಮಾತ್ರ ಹೆಂಡತಿ ಪುಟ್ಟಮಾದಮ್ಮನಿಗೆ ಹೆದರುತ್ತಿದ್ದರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಆಕೆ ಜಗಲಿಯ ಮೇಲೆ ನಿಂತು ಕೂಗಿದರೆ ಕಬಿನಿ ಹೊಳೆಯ ಆಚೆ ದಡದಲ್ಲಿ ಎಮ್ಮೆ ಮೇಯಿಸುವವರು ತಲೆಯೆತ್ತಿ ನೋಡುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಬೈಯುತ್ತಲೇ ಬಡಿಸುವುದು, ಬಡಿಸುತ್ತಲೇ ಬೈಯುವುದು. ಅಂಥ ಹೆಂಗಸಿನ ಮನೆಗೆ ಆ ವರ್ಷದ ಮುಂಗಾರಿನಲ್ಲಿ ಆಕಾಶದಿಂದಲೇ ಒಬ್ಬ ನೆಂಟ ಬಂದಿಳಿದ.

ಅವನ ಹೆಸರು ಬೆಳ್ಯಪ್ಪ. ಕೊಡಗಿನವನು, ಇನ್ನೂ ಮದುವೆಯಾಗದ ವಯಸ್ಸು. ಬೀಚನಹಳ್ಳಿಯ ಹತ್ತಿರ ಹೊಳೆಗೆ ಕಟ್ಟೆ ಕಟ್ಟುತ್ತಾರಂತೆ ಎಂಬ ಮಾತು ಆಗ ಅಲ್ಲಿ ಇಲ್ಲಿ ಕೇಳಿಬರುತ್ತಿತ್ತು. ಹೊಳೆಯ ಹಾದಿಯನ್ನು ಮೇಲಿಂದ ಒಂದು ಸಲ ನೋಡಿಕೊಂಡು ಬಾ ಎಂದು ಯಾರೋ ದೊಡ್ಡವರು ಅವನನ್ನು ಮೈಸೂರಿನಿಂದ ಸಣ್ಣ ವಿಮಾನದಲ್ಲಿ ಕಳಿಸಿದ್ದರು. ವೈನಾಡಿನ ಕಡೆಯಿಂದ ಮೋಡ ಕವಿದು ದಾರಿ ತಪ್ಪಿತು, ಸುತ್ತಿ ಸುತ್ತಿ ಪೆಟ್ರೋಲು ಮುಗಿಯುತ್ತ ಬಂತು, ಕೆಳಗೆ ಕಾರೆಮಾಳದ ಗೋಮಾಳ ಹಸುರಾಗಿ ಚಪ್ಪಟೆಯಾಗಿ ಕಂಡಿತು. ದನಗಳನ್ನು ಚೆಲ್ಲಾಪಿಲ್ಲಿ ಓಡಿಸಿ ವಿಮಾನ ಅಲ್ಲಿ ಇಳಿಯಿತು. ಒಂದು ಗೀರೂ ಬೀಳಲಿಲ್ಲ.

ಊರಿಗೆ ಊರೇ ಗೋಮಾಳಕ್ಕೆ ಬಂತು. ಬಟ್ಟೆ ಹೊದಿಸಿದ ರೆಕ್ಕೆಗಳು, ಒಂದರ ಮೇಲೊಂದು. ಜನ ಮುಟ್ಟಿ ನೋಡಿದರು, ಮೂಸಿಯೂ ನೋಡಿದರು. ಪುಟ್ಟಮಾದಮ್ಮ ವಿಮಾನದ ಕಡೆ ಕಣ್ಣೆತ್ತಲಿಲ್ಲ. ಬೆಳ್ಯಪ್ಪನ ಮುಖ ನೋಡಿ, "ಮೊದ್ಲು ಊಟ ಮಾಡ್ಬನ್ನಿ ಸ್ವಾಮಿ. ಆಮ್ಯಾಕೆ ಪೆಟ್ರೋಲು ಗಿಟ್ರೋಲು" ಎಂದು ಅವನನ್ನು ಮನೆಗೆ ಹೊರಡಿಸಿಕೊಂಡು ಹೋದಳು.

ಪೆಟ್ರೋಲು ಹುಣಸೂರಿನಿಂದ ಬರಬೇಕಾಗಿತ್ತು. ಮನೆಯ ಆಳು ಜವರಯ್ಯ ಗಾಡಿ ಕಟ್ಟಿಕೊಂಡು ಹೋದ. ಅವನು ಬರುವ ತನಕ ಬೆಳ್ಯಪ್ಪ ಪಟೇಲರ ಮನೆಯಲ್ಲೇ ಉಳಿದ. ಶಿವಾಚಾರದ ಮನೆ, ಮಾಂಸದ ಹೆಸರೆತ್ತುವಂತಿಲ್ಲ. ಆ ಕೊಡಗಿನವನು ಹುರುಳಿಸಾರು ಮುದ್ದೆಯನ್ನು ಬೆವರು ಸುರಿಸುತ್ತ ಉಂಡು, "ಅಮ್ಮ, ನಮ್ಮ ಮನೆಯ ಹಂದಿಸಾರಿಗಿಂತ ಇದೇ ಖಾರ" ಅಂದುಬಿಟ್ಟ. ಪಟೇಲರು ಕಿವಿ ಮುಚ್ಚಿಕೊಂಡರು. ಪುಟ್ಟಮಾದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕ ಮೇಲೆ ಇನ್ನೊಂದು ಮುದ್ದೆ ಇಕ್ಕಿದಳು. ಅವಳಿಗೆ ಮಕ್ಕಳಾಗಿರಲಿಲ್ಲ, ಆ ಮಾತನ್ನು ಅವಳು ಎತ್ತುತ್ತಿರಲಿಲ್ಲ, ಎತ್ತುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

"ಅಲ್ಲಾ ಸ್ವಾಮಿ, ಗಾಳೀಲಿ ಅದನ್ನ ಅತ್ಲಾಗೆ ಇತ್ಲಾಗೆ ಯಂಗೆ ತಿರುಗುಸ್ತೀರಿ? ಮೂಗುದಾರ ಇಲ್ಲ, ಏನಿಲ್ಲ."

"ಕೈಗಿಂತ ಕಾಲೇ ಮುಖ್ಯ ಅಮ್ಮ. ಕೆಳಗೆ ಎರಡು ಪೆಡಲು ಇರುತ್ತವೆ. ಎರಡು ಕಾಲೂ ಗಟ್ಟಿ ಇದ್ದರೇನೇ ವಿಮಾನ. ಒಂದು ಹೋದರೆ ನಾನು ಮನೆಗೆ ಹೋಗಿ ಕಿತ್ತಳೆ ಕೀಳಬೇಕು, ಅಷ್ಟೆ."

ಜವರಯ್ಯ ಪೆಟ್ರೋಲಿನ ಡಬ್ಬಗಳನ್ನು ತಂದ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಪಡುವಲ ಮೂಲೆಯಲ್ಲಿ ಮಾತ್ರ ಮತ್ತೆ ಮೋಡ ಏಳುತ್ತಿತ್ತು. ಬೆಳ್ಯಪ್ಪನಿಗೆ ಅವಸರ. ವಿಮಾನದ ಪೆಟ್ರೋಲಿನ ಬಾಯಿ ಮೇಲಿನ ರೆಕ್ಕೆಯಲ್ಲಿತ್ತು. ಅಗಲ ಬಾಯಿಯ ಡಬ್ಬದಿಂದ ಅಲ್ಲಿಗೆ ಸುರಿದರೆ ಅರ್ಧ ನೆಲದ ಪಾಲು. ನೀರು, ಕಸ ತಡೆದು ಪೆಟ್ರೋಲು ಸೋಸುವ ತೊಗಲು ಮೈಸೂರಿನಲ್ಲೇ ಉಳಿದಿತ್ತು. ಪಟೇಲರ ಮಡಿಪಂಚೆಯನ್ನೇ ಮಡಿಸಿ ಆಲಿಕೆಗೆ ಹಾಕಿಕೊಂಡ. "ಕತ್ತು ಸಣ್ಣಗಿರುವ, ಚೊಕ್ಕವಾದ ಒಂದು ಪಾತ್ರೆ ಬೇಕಲ್ಲ ಅಮ್ಮ" ಎಂದ.

ಪುಟ್ಟಮಾದಮ್ಮ ಒಳಗೆ ಹೋಗಿ ತವರಿನ ತಾಮ್ರದ ಕೊಡ ತೆಗೆದಳು. ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು. ಅದರಲ್ಲಿ ದೇವರ ನೀರನ್ನು ಬಿಟ್ಟು ಬೇರೇನನ್ನೂ ಅವಳು ತಂದವಳಲ್ಲ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಳು, ತೊಳೆದಳು, ಬಾನಿಯ ಮೇಲೆ ಬೋರಲು ಹಾಕಿ ನೀರು ಇಳಿಸಿದಳು. ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತಳು.

ಬರಿ ಕೊಡ ಹೊಸ್ತಿಲು ದಾಟಬಾರದು. ಅತ್ತೆ ಹೇಳಿಕೊಟ್ಟದ್ದು, ಅತ್ತೆಗೆ ಅವರತ್ತೆ. ಅದರಲ್ಲೂ ಪ್ರಯಾಣ ಹೊರಟವನ ಎದುರಿಗೆ ಖಾಲಿ ಕೊಡ ಹಿಡಿದು ಹೋಗುವುದೆಂದರೆ! ವೈರಿಗೂ ಹಾಗೆ ಮಾಡಬಾರದು, ಇವನಂತೂ ಗಾಳಿಯ ಮೇಲೆ ಹೋಗುವವನು. ಅವಳು ಹಿಂದಕ್ಕೆ ಹೋಗಿ ಹಂಡೆಯಿಂದ ಒಂದು ಬೊಗಸೆ ನೀರು ಕೊಡದೊಳಗೆ ಬಿಟ್ಟು, ಮನೆದೇವರನ್ನು ನೆನೆದು, ಹೊಸ್ತಿಲು ದಾಟಿದಳು.

"ಚೊಕ್ಕವಾಗಿದೆಯಾ ಅಮ್ಮ?"

"ದೇವರ ನೀರು ತರೋ ಕೊಡ ಕಣ್ರೀ. ನಿಮ್ಮ ಪೆಟ್ರೋಲಿಗೇ ಮೈಲಿಗೆ ಅದೆ, ಇದಕ್ಕಿಲ್ಲ."

ಥಳಥಳ ಹೊಳೆಯುತ್ತಿತ್ತು ಕೊಡ. ಒಳಗೆ ಕತ್ತಲು. ಬೆಳ್ಯಪ್ಪ ಹೊರಗಿನ ಹೊಳಪು ನೋಡಿ ಜವರಯ್ಯನ ಕೈಗೆ ಕೊಟ್ಟ. ಜವರಯ್ಯ ಡಬ್ಬದಿಂದ ಕೊಡಕ್ಕೆ, ಬೆಳ್ಯಪ್ಪ ಕೊಡದಿಂದ ರೆಕ್ಕೆಗೆ. ಎಂಜಿನ್ನಿನ ಕೆಳಗೆ ಒಂದು ಗಾಜಿನ ಬಟ್ಟಲು ಇರುತ್ತದೆ, ಪೆಟ್ರೋಲಿನಲ್ಲಿ ಕಸವೋ ನೀರೋ ಇದ್ದರೆ ಅದರ ತಳದಲ್ಲಿ ನಿಲ್ಲುತ್ತದೆ. ಹೊರಡುವ ಮುಂಚೆ ಅದನ್ನು ಬಿಚ್ಚಿ ನೋಡಬೇಕು. ಅವನು ಮೋಡದ ಕಡೆ ನೋಡಿದ, ಬಟ್ಟಲಿನ ಕಡೆ ನೋಡಲಿಲ್ಲ.

ವಿಮಾನ ಗುಡುಗಿತು, ಹುಲ್ಲಿನ ಮೇಲೆ ಓಡಿತು, ನೆಲ ಬಿಟ್ಟಿತು. ಹೋ ಎಂದು ಜನ ಕೂಗಿದರು. ಗೋಮಾಳದ ಕೊನೆಯ ಹುಣಸೆಮರ ದಾಟಿತೋ ಇಲ್ಲವೋ, ಎಂಜಿನ್ನು ಕೆಮ್ಮಿತು. ಮತ್ತೆ ಹಿಡಿಯಿತು. ಮತ್ತೆ ಕೆಮ್ಮಿ ನಿಂತೇಹೋಯಿತು. ಆ ನಿಶ್ಶಬ್ದದಲ್ಲಿ ಪುಟ್ಟಮಾದಮ್ಮನಿಗೆ ತನ್ನ ಬಳೆಯ ಸದ್ದು ಕೇಳಿಸಿತು. ವಿಮಾನ ತಿರುಗಲಿಲ್ಲ. ಮೂಗು ತಗ್ಗಿಸಿ ನೇರವಾಗಿ ರಾಗಿಗೆ ಉತ್ತಿಟ್ಟ ಹೊಲಕ್ಕೆ ಇಳಿಯಿತು, ಚಕ್ರ ಬದುವಿಗೆ ಬಡಿಯಿತು, ಬಾಲ ಮೇಲೆದ್ದು ಮೂಗು ಮಣ್ಣಿನಲ್ಲಿ ಹೂತುಕೊಂಡಿತು.

ಎಲ್ಲರೂ ಓಡಿದರು. ಮುಂದೆ ಪುಟ್ಟಮಾದಮ್ಮ. ಪೆಟ್ರೋಲು ತೊಟತೊಟ ಸುರಿಯುತ್ತಿತ್ತು. ಜವರಯ್ಯನ ತುಟಿಯಲ್ಲಿ ಹೊತ್ತಿಸಿದ ಬೀಡಿ. ಅವಳು ಒಂದು ಏಟಿಗೆ ಅದನ್ನು ಬಾಯಿಂದ ಹಾರಿಸಿ, ಹಸಿಮಣ್ಣಿಗೆ ತುಳಿದಳು. "ಸುಟ್ಟಾಕ್ಬುಟ್ಟೀಯಲ್ಲೋ, ನಿನ್ ಮನೆ ಕಾಯ್ವಾಗ! ರೆಕ್ಕೆ ಇಡ್ಕೊ, ಎತ್ತು!"

ಬೆಳ್ಯಪ್ಪನಿಗೆ ಪ್ರಜ್ಞೆ ಇತ್ತು. ಎಡಗಾಲು ಪೆಡಲಿನ ಸಂದಿಯಲ್ಲಿ ಸಿಕ್ಕಿತ್ತು. ಹೊರಗೆ ತೆಗೆದು ಬದುವಿನ ಮೇಲೆ ಮಲಗಿಸಿದಾಗ ಮೊಣಕಾಲಿನ ಕೆಳಗೆ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಪಟೇಲರು ಮುಖ ತಿರುಗಿಸಿದರು. ಪುಟ್ಟಮಾದಮ್ಮ ತಿರುಗಿಸಲಿಲ್ಲ.

ಮುರಿದ ಮೂಳೆ ಕಟ್ಟುವ ದೊಡ್ಡಮಾದಯ್ಯನೂ ಗುಂಪಿನಲ್ಲಿದ್ದ. ಬಗ್ಗಿ ನೋಡಿ, ತಲೆಯಾಡಿಸಿದ. "ಒಳಗೇ ಮುರಿದಿದ್ರೆ ನಾನು ಕಟ್ತಿದ್ದೆ ತಾಯಿ. ಈಚೆ ಬಂದ್ಬುಟ್ಟದೆ. ಇದು ಸೂಜಿ ಡಾಕ್ಟರ ಕೆಲಸ. ಇವತ್ತು ಸಂಜೆಯೊಳಗೆ ಸರಗೂರು ಆಸ್ಪತ್ರೆಗೆ ಆಕಿದ್ರೆ ಕಾಲು ಉಳೀತದೆ. ಕೊಳೆತರೆ ಕತ್ತರುಸ್ತಾರೆ." ಬಿದಿರಿನ ದಬ್ಬೆ ಇಟ್ಟು ಕಾಲು ಅಲುಗದ ಹಾಗೆ ಕಟ್ಟುವುದಕ್ಕೆ ಮಾತ್ರ ಅವನು ಕೂತ.

ಬೆಳ್ಯಪ್ಪ ಹಲ್ಲು ಕಚ್ಚಿಕೊಂಡು ಬೇರೆ ಏನನ್ನೋ ನೋಡುತ್ತಿದ್ದ. ಎಂಜಿನ್ನಿನಿಂದ ಕಳಚಿದ ಗಾಜಿನ ಬಟ್ಟಲು ಅವನ ಕೈಗೆಟುಕುವಷ್ಟು ಹತ್ತಿರ ತಂತಿಯಲ್ಲಿ ನೇತಾಡುತ್ತಿತ್ತು. ಒಳಗೆ ಎರಡು ಬಣ್ಣ. ಮೇಲೆ ಪೆಟ್ರೋಲಿನ ತೆಳುಗೆಂಪು, ಅದರ ಕೆಳಗೆ ತಿಳಿ.

"ನೀರು" ಎಂದ. "ಪೆಟ್ರೋಲಿನಲ್ಲಿ ನೀರು ಸೇರಿದೆ. ಎಂಜಿನ್ನು ಅದಕ್ಕೇ ನಿಂತದ್ದು. ಡಬ್ಬಕ್ಕೆ ಬೆಸುಗೆ ಇತ್ತಲ್ಲ, ನೀರು ಎಲ್ಲಿಂದ ಬಂತು?"

"ಆ ಹುಣಸೂರಿನವನು ಬೆರೆಸವ್ನೆ!" ಜವರಯ್ಯ ಕುಣಿದಾಡಿದ. "ಹಾಲಿಗೆ ಬೆರೆಸಿದಂಗೆ ಬೆರೆಸವ್ನೆ ಕಳ್ಳನನ್ಮಗ. ನಾಳೀಕೆ ಓಗಿ ಅವನ ಹಲ್ಲು ಉದುರುಸ್ತೀನಿ."

ಪುಟ್ಟಮಾದಮ್ಮ ತನ್ನ ಅಂಗೈ ನೋಡಿಕೊಂಡಳು. ಒಂದು ಬೊಗಸೆ ನೀರು. ಅವಳ ಕೈಯಾರೆ ಬಿಟ್ಟದ್ದು, ಅವನು ಸುಖವಾಗಿ ಊರು ಸೇರಲಿ ಎಂದು ಬಿಟ್ಟದ್ದು. ಅಯ್ಯೋ ಶಿವನೇ, ಎಂದು ಕೂತು ಎದೆ ಬಡಿದುಕೊಳ್ಳೋಣ ಅನ್ನಿಸಿತು. ಬಡಿದುಕೊಂಡರೆ ಕಾಲು ಕೂಡುತ್ತದೆಯೇ? ಅಳುವುದು ಎಲ್ಲಿಗೂ ಓಡಿಹೋಗುವುದಿಲ್ಲ, ಸಂಜೆ ಓಡಿಹೋಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಈ ಕಾಲು ಉಳಿಯಬೇಕು. ಮಿಕ್ಕಿದ್ದೆಲ್ಲ ಆಮೇಲೆ.

"ನಿಂಗರಾಜು, ನಮ್ಮ ನಡುಮನೆ ಮಂಚ ತಕ್ಕಂಡು ಬಾರ್ಲಾ. ಓಡು!" ಎಂದು ಹೊಲದ ಆಳಿಗೆ ಕೂಗಿದಳು.

ಪಟೇಲರು ಹೆಂಡತಿಯ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ, "ಇಲ್ನೋಡು, ಇದು ಸರ್ಕಾರದ ಇಸ್ಯ. ಕೋಟೆ ಠಾಣೆಯಿಂದ ಪೊಲೀಸರು ಬರೋಗಂಟ ಯಾರೂ ಮುಟ್ಟದು ಬ್ಯಾಡ. ದಾರೀಲಿ ಏನಾರ ಎಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬತ್ತದೆ" ಎಂದರು.

"ನಿಮ್ಮ ತಲೆಗೆ ನಾನೇ ಬಂದು ಎಷ್ಟು ವರ್ಸ ಆಯ್ತು! ಅದಕ್ಕಿಂತ ಕೆಟ್ಟದ್ದೇನು ಬಂದಾತು? ಪಟೇಲಿಕೆ ನಾಳೆ ಮಾಡ್ರಿ. ಈಗ ಕೊಡೆ ತಕ್ಕಂಡು ಬನ್ನಿ, ಮಳೆ ಬತ್ತದೆ."

ಮಂಚ ಬಂತು. ಬೆಳ್ಯಪ್ಪನನ್ನು ಮಲಗಿಸಿದ್ದೂ ಆಯಿತು. ಜವರಯ್ಯ, ನಿಂಗರಾಜು, ಹೊಲದ ಕೆಲಸದ ಇನ್ನಿಬ್ಬರು ಹತ್ತಿರ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರು. ಯಾರೂ ಬಗ್ಗಲಿಲ್ಲ.

"ಯಾಕ್ಲಾ? ಕೈ ಸೇದೋಯ್ತಾ?"

"ಅಂಗಲ್ಲ ಅವ್ವಾ" ಜವರಯ್ಯ ತಲೆ ಕೆರೆದುಕೊಂಡ. "ಉಸಿರಾಡೋ ಮನ್ಸನ್ನ ನಾಕು ಜನ ಹೆಗಲು ಕೊಟ್ಟು ಹೊರಬೋದಾ? ಅದು ಯಾತಕ್ಕೆ ಹೊರೋದು ಅಂತ ನಿಮಗೇ ಗೊತ್ತಲ್ಲ. ಅಪಶಕುನ ಕಣವ್ವಾ."

ಶಕುನ! ಬೆಳಿಗ್ಗೆ ಶಕುನ ನೋಡಿಯೇ ತಾನೇ ಇಷ್ಟೆಲ್ಲ ಆದದ್ದು? ಆದರೆ ಇವರೊಂದಿಗೆ ವಾದ ಮಾಡುತ್ತ ನಿಂತರೆ ಹೊತ್ತು ಮುಳುಗುತ್ತದೆ. ಪುಟ್ಟಮಾದಮ್ಮ ಮಂಚದ ನಡುವಿನ ಪಟ್ಟಿಯ ಕೆಳಗೆ ಹೋಗಿ ತನ್ನ ಹೆಗಲು ಕೊಟ್ಟಳು.

"ನಾಕು ಜನ ಹೊರಬಾರದು ತಾನೇ? ನಾನು ಐದನೇವ್ಳು. ಐದು ಜನ ಹೊರಬಾರದು ಅಂತ ಎಲ್ಲಾರ ಅದಾ? ಎತ್ರೋ!"

ಪಟೇಲರ ಹೆಂಡತಿ ಮಂಚಕ್ಕೆ ಹೆಗಲು ಕೊಟ್ಟದ್ದನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ. ನಾಲ್ವರೂ ನಾಚಿ ಒಟ್ಟಿಗೆ ಬಗ್ಗಿದರು. ಮಂಚ ಮೇಲೆದ್ದಿತು. ಕೆಸರಿನ ಓಣಿಯಲ್ಲಿ ಜಾರುತ್ತ, ಬೈಸಿಕೊಳ್ಳುತ್ತ ಹೊಳೆಯ ಕಡೆ ನಡೆದರು. ಮಳೆ ಹಿಡಿಯಿತು. ಪಟೇಲ ಶಿವನಂಜಪ್ಪನವರು ತಾವು ನೆನೆಯುತ್ತ ಮಂಚದ ಜೊತೆಜೊತೆಗೆ ಓಡಿ ಬೆಳ್ಯಪ್ಪನ ಮುಖಕ್ಕೆ ಕೊಡೆ ಹಿಡಿದಿದ್ದರು. ಅವರ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತು ಇದೊಂದೇ ಅಲ್ಲ, ಆದರೆ ಇದು ಮೊದಲನೆಯದು.

ಹೊಳೆ ಕೆಂಪಾಗಿತ್ತು. ವೈನಾಡಿನಲ್ಲಿ ಬಿದ್ದ ಮಳೆಯೆಲ್ಲ ಮರದ ಕೊಂಬೆ ರೆಂಬೆ ಹೊತ್ತು ಹರಿಯುತ್ತಿತ್ತು. ಹರಿಗೋಲಿನ ನಿಂಗಯ್ಯ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿ ಅದರ ಕೆಳಗೇ ಮಳೆಗೆ ಕೂತಿದ್ದ.

"ಆಗಾಕಿಲ್ಲ ಅವ್ವಾ. ಈ ನೀರ್ಗೆ ಇಳಿದ್ರೆ ಸೀದಾ ನಂಜನಗೂಡಿಗೆ ಓಗಿ ಸೇರ್ತೀವಿ."

"ನಂಜುಂಡೇಶ್ವರನ ದರ್ಸನ ಆಯ್ತದೆ ಬುಡು. ಮಗುಚಾಕು ಅದನ್ನ."

"ಅವ್ವಾ, ಪ್ರಾಣ..."

"ಪ್ರಾಣ ಅಲ್ಲ ಕಣೋ ಹೋಗದು, ಇವನ ಕಾಲು. ಕಾಲು ಓದ್ರೆ ಇವನ ವಿಮಾನ ಓಯ್ತದೆ. ನಾನು ಕೂತ್ಕತೀನಿ ಮೊದ್ಲು. ನನ್ನ ಮುಳುಗ್ಸಿ ನಮ್ಮೆಜಮಾನ್ರಿಗೆ ಮುಖ ತೋರ್ಸೋ ತಾಕತ್ತು ಇದ್ರೆ ಮುಳುಗ್ಸು."

ನಿಂಗಯ್ಯ ಪಟೇಲರ ಮುಖ ನೋಡಿದ. ಪಟೇಲರು ಅಸಹಾಯಕರಾಗಿ ಕೈ ಚೆಲ್ಲಿದರು. ಹರಿಗೋಲು ನೀರಿಗಿಳಿಯಿತು. ಮಂಚ ಹಿಡಿಯಲಿಲ್ಲ, ಬೆಳ್ಯಪ್ಪನನ್ನು ಇಳಿಸಿ, ತಲೆಯನ್ನು ಪುಟ್ಟಮಾದಮ್ಮನ ತೊಡೆಯ ಮೇಲಿಟ್ಟರು. ಕಟ್ಟಿದ ಕಾಲನ್ನು ಜವರಯ್ಯ ಎರಡು ಕೈಯಲ್ಲಿ ಎತ್ತಿ ಹಿಡಿದ. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ತಿರುಗಿತು. ನಿಂಗಯ್ಯ ಹುಟ್ಟು ಹಾಕುತ್ತ ಗಂಗಮ್ಮನನ್ನೂ, ಜವರಯ್ಯನಿಂದ ಆಗಷ್ಟೇ ಕೇಳಿದ್ದ ಹುಣಸೂರಿನ ಪೆಟ್ರೋಲಿನವನನ್ನೂ ಒಂದೇ ಉಸಿರಿಗೆ ನೆನೆದ. ಒಬ್ಬರಿಗೆ ಹರಕೆ, ಇನ್ನೊಬ್ಬರಿಗೆ ಬೈಗುಳ. ಜವರಯ್ಯನೂ ದನಿಗೂಡಿಸಿದ. ನಾಳೆ ಅಲ್ಲ, ಇವತ್ತೇ ಹೋಗಿ ಅವನ ಕೈ ಮುರಿಯುತ್ತಾನಂತೆ.

ಪುಟ್ಟಮಾದಮ್ಮನಿಗೆ ತಡೆಯಲಾಗಲಿಲ್ಲ. "ಸುಮ್ಕಿರ್ರೋ! ಅವನು ಬೆರೆಸಿಲ್ಲ. ಬೆರೆಸಿದ್ದು ನಾನು."

ಹುಟ್ಟು ಒಂದು ಗಳಿಗೆ ನಿಂತಿತು.

ಅವಳು ಬಗ್ಗಿ ಬೆಳ್ಯಪ್ಪನ ಮುಖಕ್ಕೇ ಹೇಳಿದಳು. 'ಸ್ವಾಮಿ', 'ನೀವು' ಅನ್ನುವುದು ಅವಳಿಗೇ ತಿಳಿಯದೆ ಬಿಟ್ಟುಹೋಗಿತ್ತು. "ಬರಿ ಕೊಡ ನಿನ್ನೆದುರಿಗೆ ತರಬಾರದು ಅಂತ ಒಂದು ಬೊಗಸೆ ನೀರು ಬುಟ್ಟಿದ್ದೆ ಮಗ. ನಿಂಗೆ ಒಳ್ಳೇದಾಗ್ಲಿ ಅಂತ. ನಾನೇ ನಿನ್ನ ಕೆಡವಿದ್ದು."

ಬೆಳ್ಯಪ್ಪ ಅವಳನ್ನು ನೋಡಿದ. ಏನೋ ಹೇಳುತ್ತಾನೆ ಎಂದು ಅವಳು ಕಾದಳು. ಬೈದರೂ ಸರಿಯೇ. ಅವನು ಕಣ್ಣು ಮುಚ್ಚಿಕೊಂಡು ಮುಖವನ್ನು ಆಚೆ ಹೊರಳಿಸಿದ. ನೋವಿಗೋ, ಸಿಟ್ಟಿಗೋ, ತಿಳಿಯಲಿಲ್ಲ. ಆಚೆ ದಡ ಬಂತು.

ಅಲ್ಲಿಂದ ಗಾಡಿಯಲ್ಲಿ ಸರಗೂರು. ಇನ್ನೂ ದೀಪ ಹಚ್ಚಿರಲಿಲ್ಲ. ಡಾಕ್ಟರು ಕಾಲು ನೋಡಿ, ಯಾರು ಕಟ್ಟಿದ್ದು ಎಂದು ಕೇಳಿ, ಹೂಂ ಎಂದು, ತೊಳೆದು, ಹೊಲಿದು, ಮೂಳೆ ಕೂರಿಸಿ ಹೊರಗೆ ಬಂದರು. "ಸರಿಯಾದ ಹೊತ್ತಿಗೆ ತಂದಿದ್ದೀರಿ. ಆದರೂ ಈಗಲೇ ಏನೂ ಹೇಳಲಾರೆ, ಕೀವು ಆಗದಿದ್ದರೆ ಉಳಿಯುತ್ತದೆ. ಬೆಳಿಗ್ಗೆ ಮೈಸೂರಿಗೆ ಕಳಿಸುತ್ತೇನೆ." ಬೆಳಿಗ್ಗೆ ಜೀಪು ಬಂದು ಬೆಳ್ಯಪ್ಪನನ್ನು ಕರೆದೊಯ್ಯಿತು. ಅವನು ಔಷಧಿಯ ಮಂಪರಿನಲ್ಲಿದ್ದ. ಅವಳಿಗೆ ಅವನಿಂದ ಒಂದು ಮಾತೂ ಸಿಗಲಿಲ್ಲ.

ಆಮೇಲೆ ವಿಮಾನ ನೋಡಲು ಅಧಿಕಾರಿಯೊಬ್ಬರು ಬಂದರು. ಗೋಮಾಳದಲ್ಲಿ ಕುರ್ಚಿ ಹಾಕಿಸಿ ಕೂತು, ಪೆಟ್ರೋಲು ಮಾರಿದವನ ಹೆಸರೇನು ಎಂದು ಮೊದಲು ಕೇಳಿದರು. ಪಟೇಲರು ಹೆಂಡತಿಯ ಸೆರಗು ಎಳೆದರು. ಅವಳು ಸೆರಗು ಬಿಡಿಸಿಕೊಂಡು ಮುಂದೆ ಬಂದು, ಕೊಡವನ್ನು ಅವರ ಕಾಲ ಬಳಿ ಇಟ್ಟು, ಇದ್ದದ್ದು ಇದ್ದಹಾಗೆ ಹೇಳಿದಳು. ಅಧಿಕಾರಿ ಬಹಳ ಹೊತ್ತು ಕೊಡದೊಳಗೆ ಇಣುಕಿ ನೋಡಿದರು, ನಗಬೇಕೋ ಗದರಬೇಕೋ ತಿಳಿಯದವರ ಹಾಗೆ. ಕೊನೆಗೆ ಕೊಡವನ್ನು ಜೀಪಿಗೆ ಹಾಕಿಸಿಕೊಂಡು ಹೋದರು.

ದೇವರ ನೀರಿಗೆ ಮಣ್ಣಿನ ಬಿಂದಿಗೆ ಬಂತು. ಬೆಳ್ಯಪ್ಪನ ಸುದ್ದಿ ಬರಲಿಲ್ಲ. ಸರಗೂರು ಸಂತೆಗೆ ಹೋದವರನ್ನೆಲ್ಲ ಅವಳು ಕೇಳಿದಳು. ಕಾಲು ಕತ್ತರಿಸಿದರಂತೆ ಎಂದ ಒಬ್ಬ, ಇಲ್ಲವಂತೆ ಎಂದ ಇನ್ನೊಬ್ಬ. ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯ ಗುರುಶಾಂತಮ್ಮ ಬಿಂದಿಗೆ ಕೇಳಿಕೊಂಡು ಬಂದಾಗ ಪುಟ್ಟಮಾದಮ್ಮ ಹೊಸ್ತಿಲಲ್ಲಿ ನಿಂತೇ ಇದ್ದಳು, ನೀರು ಬಿಡಲೂ ಆಗದೆ, ಬರಿದಾಗಿ ಕೊಡಲೂ ಆಗದೆ. ಗುರುಶಾಂತಮ್ಮ ಬೇರೆ ಮನೆಗೆ ಹೋದಳು. ಊರಿನವರು ಅವಳ ಬಾಯಿ ಮೆತ್ತಗಾಯಿತೆಂದು ಖುಷಿಪಡಬೇಕಾಗಿತ್ತು. ಯಾಕೋ ಯಾರಿಗೂ ಖುಷಿಯಾಗಲಿಲ್ಲ.

ರಾಗಿ ಕಣ ಮುಗಿದು, ಹುಲ್ಲು ಬಣವೆ ಒಟ್ಟುತ್ತಿದ್ದ ಕಾಲ. ಪುಟ್ಟಮಾದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೊಳೆಯ ಕಡೆಯ ಓಣಿಯಲ್ಲಿ ಯಾರೋ ಬರುತ್ತಿದ್ದರು, ಹೆಗಲ ಮೇಲೆ ಏನನ್ನೋ ಹೊತ್ತುಕೊಂಡು. ಬಿಸಿಲಿಗೆ ಅದು ಹೊಳೆಯಿತು. ಬರುವವನ ನಡಿಗೆಯಲ್ಲಿ ಸ್ವಲ್ಪ ಕುಂಟು. ಅವಳು ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಒಂದು, ಎರಡು. ಅವರೆಕಾಯಿಯ ಮೊರ ಮಡಿಲಿಂದ ಜಾರಿ ಚೆಲ್ಲಿಹೋಯಿತು.

ಬೆಳ್ಯಪ್ಪ ಅಂಗಳಕ್ಕೆ ಬಂದು ನಿಂತ. "ಹೋದ ವಾರ ಮತ್ತೆ ಹಾರಿದೆ ಅಮ್ಮ. ಪೆಡಲು ತುಳಿಯುವಾಗ ಸ್ವಲ್ಪ ನೋಯುತ್ತದೆ, ಅಷ್ಟೆ."

"ಪೆಟ್ರೋಲು..." ಅವಳು ಚೆಲ್ಲಿದ ಕಾಯಿ ತುಳಿದುಕೊಂಡೇ ಜಗಲಿ ಇಳಿದಳು. "ಪೆಟ್ರೋಲು ಯಾರು ಉಯ್ದಿದ್ದು?"

"ನಾನೇ. ಬಟ್ಟಲೂ ಬಿಚ್ಚಿ ನೋಡಿದೆ. ಅವತ್ತು ನಾನು ನೋಡಬೇಕಾಗಿತ್ತು, ನೋಡಲಿಲ್ಲ. ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ಹೊಳೆಯಲ್ಲೇ ನಿಮಗೆ ಹೇಳೋಣ ಅಂತಿದ್ದೆ, ಬಾಯಿ ಬಿಟ್ಟರೆ ಕಿರುಚಿಬಿಡುತ್ತೇನೆ ಅನ್ನಿಸಿ ಮುಖ ತಿರುಗಿಸಿದೆ." ಹೆಗಲಿಂದ ಕೊಡ ಇಳಿಸಿ ಅವಳ ಕೈಗೆ ಕೊಟ್ಟ. "ತಗೊಳ್ಳಿ. ಇದನ್ನು ಬಿಡಿಸಿಕೊಳ್ಳುವುದಕ್ಕೇ ಇಷ್ಟು ದಿನ ಅಲೆದೆ."

ಕೊಡದ ಹೊಟ್ಟೆಯಲ್ಲಿ ಒಂದು ಕಡೆ ತಗ್ಗಾಗಿತ್ತು. ಕೈಗೆ ಬಂದ ಕೊಡ ಬರಿದಾಗಿರಲಿಲ್ಲ. ಒಳಗೆ ಏನೋ ಗುಳುಗುಳು ಎಂದಿತು. ಅವಳು ಬೆಚ್ಚಿ ತಲೆಯೆತ್ತಿದಳು.

"ಹೊಳೆ ದಾಟುವಾಗ ತುಂಬಿಕೊಂಡೆ" ಎಂದ ಬೆಳ್ಯಪ್ಪ. "ಒಂದು ಬೊಗಸೆ. ಬರಿ ಕೊಡ ನಿಮ್ಮ ಹೊಸ್ತಿಲಿಗೆ ತರಬಾರದಲ್ಲ."

ಪುಟ್ಟಮಾದಮ್ಮನಿಗೆ ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಅಳುತ್ತಲೇ ಬೈದಳು. ಬಿಸಿಲಲ್ಲಿ ಇಷ್ಟು ದೂರ ಆ ಕಾಲಿಟ್ಟುಕೊಂಡು ನಡೆದು ಬರುವುದಕ್ಕೆ ಬುದ್ಧಿ ಬೇಡವಾ, ಹೇಳಿ ಕಳಿಸಿದ್ದರೆ ಗಾಡಿ ಬರುತ್ತಿರಲಿಲ್ಲವಾ ಎಂದು. ಅವಳ ದನಿಗೆ ಆಚೆ ದಡದ ಎಮ್ಮೆಯವರು ತಲೆಯೆತ್ತಿದರು. ಬೈಯುತ್ತಲೇ ಅವನನ್ನು ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ನಿಲ್ಲಿಸಿದಳು, ಬಗ್ಗಿದಳು, ಮನೆಗೆ ಬಂದ ನೆಂಟರಿಗೆ ಮಾಡುವ ಹಾಗೆ ಕೊಡದ ನೀರನ್ನು ಅವನ ಪಾದಕ್ಕೆ ಬಿಟ್ಟಳು. ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ. ಎರಡಕ್ಕೂ ಸಾಕಾಯಿತು.